ಒದ್ದೆ ಪಂಚೆ ಆರುವ ತನಕ

ಈಗ ಮಾಟುಂಗ ಸ್ಟೇಷನ್ನಿಂದ ನಡೆದು ಬರುವಾಗ, ಹೂವಿನ ಅಂಗಡಿಗಳ ಹತ್ತಿರ ಒಬ್ಬರು ಸಿಕ್ಕಿದರು. "ಮೇಡಂ, ಇವತ್ತು ಬರವಣಿಗೆ ಮತ್ತು ಅಧ್ಯಾತ್ಮ ಅಂತ ವಿಷಯ ಹಾಕಿದ್ದಾರೆ. ಧ್ಯಾನ ಗೀನ ಮಾಡಿಸ್ತೀರಾ? ಚಾಪೆ ತರಬೇಕಿತ್ತಾ?" ಎಂದು ಕೇಳಿದರು. ಇಲ್ಲಪ್ಪ, ಚಾಪೆ ಏನೂ ಬೇಡ. ಆರಾಮಾಗಿ ಕುರ್ಚಿಯಲ್ಲೇ ಕೂತಿರಿ. ನಿಜ ಹೇಳಬೇಕೆಂದರೆ ಅಧ್ಯಾತ್ಮ ಅನ್ನುವ ಪದ ಕೇಳಿದರೆ ನನಗೂ ಸ್ವಲ್ಪ ದಿಗಿಲೇ. ಮೂವತ್ತೊಂದು ವರ್ಷ ಮುಂಬೈ ಫೋರ್ಟಿನ ಒಂದು ಕಂಪನಿಯಲ್ಲಿ ಜಮಾ-ಖರ್ಚು ಬರೆದವಳು ನಾನು. ಅದರ ಪಕ್ಕದಲ್ಲೇ ಒಂದಿಷ್ಟು ಕಥೆ ಬರೆದೆ. ನನಗೆ ಗೊತ್ತಿರುವುದು ಒಂದು ಲೋಕಲ್ ರೈಲು, ಒಂದು ಪೆನ್ಸಿಲ್, ನಮ್ಮ ಅತ್ತೆಯ ರಾಮಕೋಟಿ. ಅಧ್ಯಾತ್ಮ ಅನ್ನುವುದು ಏನಾದರೂ ಇದ್ದರೆ ಅಲ್ಲೇ ಎಲ್ಲೋ ಇರಬೇಕು. ಹುಡುಕೋಣ.

ನನ್ನ ತವರು ಗದಗಿನ ಹತ್ತಿರ. ಗದಗಿನ ವೀರನಾರಾಯಣ ಗುಡಿಗೆ ಹೋದವರಿಗೆ ಗೊತ್ತು, ಅಲ್ಲಿ ಒಂದು ಕಂಬ ತೋರಿಸುತ್ತಾರೆ. ಕುಮಾರವ್ಯಾಸ ಅದಕ್ಕೆ ಒರಗಿ ಕೂತು ಭಾರತ ಬರೆದನಂತೆ. ಕೋನೇರಿಯಲ್ಲಿ ಮುಳುಗು ಹಾಕಿ, ಒದ್ದೆ ಪಂಚೆಯಲ್ಲೇ ಬಂದು ಕೂರುತ್ತಿದ್ದನಂತೆ. ಪಂಚೆ ಒದ್ದೆ ಇರುವಷ್ಟು ಹೊತ್ತು ಪದ್ಯ ಬರುತ್ತಿತ್ತು. ಆರಿತೋ, ನಿಂತಿತು. ಮತ್ತೆ ನಾಳೆ ಸ್ನಾನ, ನಾಳೆ ಪದ್ಯ.

ಇದು ಐತಿಹ್ಯ. ನಡೆಯಿತೋ ಇಲ್ಲವೋ ಎಂದು ಯಾರೂ ಸಾಕ್ಷಿ ಹೇಳಲಾರರು. ಏಳೆಂಟು ವರ್ಷದವಳಿದ್ದಾಗ ಅವ್ವನ ಜೊತೆ ಹೋಗಿ ಆ ಕಂಬ ಮುಟ್ಟಿ ನೋಡಿದ್ದೆ, ಇನ್ನೂ ತೇವ ಇದೆಯಾ ಅಂತ. ತಣ್ಣಗಿತ್ತು. ಕಲ್ಲು ತಣ್ಣಗೇ ಇರುತ್ತದೆ ಅಲ್ವಾ, ಆದರೆ ನನಗೆ ಆವತ್ತು ಮೈ ಜುಂ ಎಂದಿತ್ತು.

ದೊಡ್ಡವಳಾದ ಮೇಲೆ ಲೆಕ್ಕದ ಬುದ್ಧಿ ಬಂತು. ಗದಗಿನ ಗಾಳಿ ಎಂಥದು? ಈಗ ಅಲ್ಲಿ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದ್ದಾರೆ ಎಂದರೆ ನೀವೇ ಯೋಚಿಸಿ. ಮೈಮೇಲಿನ ಒದ್ದೆ ಬಟ್ಟೆ ಆರಲು ಬೇಸಿಗೆಯಲ್ಲಿ ಎಷ್ಟು ಹೊತ್ತು ಬೇಕು, ಅರ್ಧ ಗಂಟೆ? ಅಷ್ಟರಲ್ಲೇ ಹತ್ತು ಪರ್ವ, ಅದೂ ಭಾಮಿನಿ ಷಟ್ಪದಿಯಲ್ಲಿ. ಇತ್ತ ನಮ್ಮ ಮುಂಬೈ ನೋಡಿ. ಜುಲೈ ತಿಂಗಳಲ್ಲಿ ಇಲ್ಲಿ ಪಂಚೆ ಮೂರು ದಿನ ಆದರೂ ಆರುವುದಿಲ್ಲ, ಫ್ಯಾನ್ ಕೆಳಗೆ ಹಾಕಿದರೂ ಮುಗ್ಗಲು ವಾಸನೆ. ಆ ಲೆಕ್ಕದಲ್ಲಿ ಮುಂಬೈ ಕನ್ನಡಿಗರು ತಲೆಗೊಂದು ಮಹಾಕಾವ್ಯ ಬರೆದಿರಬೇಕಿತ್ತು.

ನಗಬೇಡಿ, ನನಗೆ ಈ ಕಥೆಯಲ್ಲಿ ಇಷ್ಟವಾದದ್ದು ಅದೇ. ಅಲ್ಲಿ ಸ್ಫೂರ್ತಿ ಬರಲಿ ಅಂತ ಕಾಯುವ ಮಾತೇ ಇಲ್ಲ. ಮೈಮೇಲೆ ಒಂದು ಗಡಿಯಾರ ಇದೆ. ಅದು ಓಡುತ್ತಿದೆ. ಚಳಿ ಆಗುತ್ತಿದೆ. ಕೂತು ಬರಿ, ಅಷ್ಟೇ.

ಇನ್ನೊಂದು ಮಾತು. ಕುಮಾರವ್ಯಾಸ ಶುರುವಿನಲ್ಲೇ ಹೇಳಿಬಿಡುತ್ತಾನೆ, ಕವಿ ವೀರನಾರಾಯಣ, ನಾನು ಬರೀ ಲಿಪಿಕಾರ ಅಂತ. ಆಹಾ ಎಂಥ ವಿನಯ ಎಂದು ನಾವು ಕೈ ಮುಗಿಯುವಷ್ಟರಲ್ಲಿ ಅದೇ ಮನುಷ್ಯ, ಹಲಗೆ ಬಳಪ ಹಿಡಿಯದಿರುವುದು, ಒಮ್ಮೆ ಬರೆದ ಪದ ಅಳಿಸದಿರುವುದು ನನ್ನ ಅಗ್ಗಳಿಕೆ ಅಂತ ಎದೆ ತಟ್ಟಿಕೊಳ್ಳುತ್ತಾನೆ. ಎರಡೂ ಒಂದೇ ಬಾಯಲ್ಲಿ! ಚಿಕ್ಕವಳಿದ್ದಾಗ ಇದು ಸೊಕ್ಕು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಬರೆಸಿದವನು ಬೇರೆ ಅಂದಮೇಲೆ ಅಳಿಸುವುದಕ್ಕೆ ಇವನಿಗೆ ಹಕ್ಕೆಲ್ಲಿದೆ? ನನಗಂತೂ ಅಳಿಸುವ ರೋಗ ಇದೆ. ಅದರ ಕಥೆಗೇ ಬರುತ್ತಿದ್ದೇನೆ.

ಲಿಪಿಕಾರ ಅಂದಾಗ ಮಹಾರಾಷ್ಟ್ರದಲ್ಲಿ ಇರುವ ನಾವು ಇನ್ನೊಬ್ಬರನ್ನೂ ನೆನೆಯಬೇಕು. 1290ರಲ್ಲಿ ನೇವಾಸೆಯಲ್ಲಿ ಜ್ಞಾನೇಶ್ವರ ಗೀತೆಗೆ ಮರಾಠಿಯಲ್ಲಿ ಟೀಕೆ ಹೇಳಿದ. ಹೇಳಿದ, ಬರೆಯಲಿಲ್ಲ. ಬರೆದುಕೊಂಡವರು ಸಚ್ಚಿದಾನಂದ ಬಾಬಾ. ಆ ಟೀಕೆಯೇ ಜ್ಞಾನೇಶ್ವರಿ. ಅದರ ಕೊನೆಯ ಓವಿಯಲ್ಲಿ, ಅಂದರೆ ಪದ್ಯದಲ್ಲಿ, ಅವರ ಹೆಸರು ಇದೆ, ಆದರದಿಂದ ಲೇಖಕ ಆದರು ಅಂತ. ನಾವು ಈಗ ಲೇಖಕ ಎಂದರೆ ಸೃಷ್ಟಿ ಮಾಡಿದವನು ಅಂದುಕೊಳ್ಳುತ್ತೇವೆ. ಅಲ್ಲಿ ಲೇಖಕ ಎಂದರೆ ಕೇಳಿಸಿಕೊಂಡು ಬರೆದವನು. ಆ ಅರ್ಥ ನನಗೆ ಜಾಸ್ತಿ ಹಿಡಿಸುತ್ತದೆ. ಅದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ರೈಲಿನಲ್ಲಿ ತಿಳಿದದ್ದು.

ಮದುವೆಯಾಗಿ 1987ರಲ್ಲಿ ಮುಂಬೈ ಹತ್ತಿರದ ಕಲ್ಯಾಣಕ್ಕೆ ಬಂದೆ. ಊರಲ್ಲಿ ನಮ್ಮ ಅಜ್ಜಿ ಎಲ್ಲರ ಹತ್ತಿರ, "ನಮ್ಮ ಹುಡುಗಿ ಕಲ್ಯಾಣದಾಗ ಅದಾಳ, ಬಸವಣ್ಣನ ಊರಾಗ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅಜ್ಜೀ, ಅದು ಬೀದರ್ ಕಡೆ, ಇದು ರೈಲ್ವೆ ಜಂಕ್ಷನ್ ಎಂದರೂ ಕೇಳಲಿಲ್ಲ. ನಾನೂ ಬಿಟ್ಟುಬಿಟ್ಟೆ. ಹಾಗೆ ನೋಡಿದರೆ ಆ ಕಲ್ಯಾಣದಲ್ಲೂ ದೋಣಿ ನಡೆಸುವವನು, ಹಗ್ಗ ಹೊಸೆಯುವವನು, ಅಕ್ಕಿ ಆಯುವವಳು ಎಲ್ಲರೂ ದಿನದ ಕೆಲಸ ಮಾಡುತ್ತಲೇ ವಚನ ಹೇಳಿದರು. ನಮ್ಮ ಕಲ್ಯಾಣದಲ್ಲೂ ದುಡಿಯುವವರಿಗೇನು ಕೊರತೆ!

ನಮ್ಮ ಫಾಸ್ಟ್ ಲೋಕಲ್ ಕಲ್ಯಾಣದಿಂದಲೇ ಹೊರಡುತ್ತಿತ್ತು, ಆದ್ದರಿಂದ ಸೀಟು ಸಿಗುತ್ತಿತ್ತು. ವಿಟಿ, ಅಂದರೆ ವಿಕ್ಟೋರಿಯಾ ಟರ್ಮಿನಸ್ ತನಕ ಐವತ್ತು ಕಿಲೋಮೀಟರ್ ಮೇಲೆ. ವಿಟಿಗೆ ಈಗ ಎಷ್ಟು ಉದ್ದದ ಹೆಸರು ಬಂದಿದ್ದರೂ ನನ್ನ ಬಾಯಿಗೆ ಅದು ವಿಟಿಯೇ. ಲೇಡೀಸ್ ಡಬ್ಬಾ ಹೇಗಿರುತ್ತದೆ ಅಂತ ಇಲ್ಲಿರುವ ಹೆಂಗಸರಿಗೆ ಹೇಳಬೇಕಾಗಿಲ್ಲ. ಗಂಡಸರಿಗೆ ಹೇಳುತ್ತೇನೆ. ಒಬ್ಬಳು ಮೆಂತ್ಯ ಸೊಪ್ಪು ಬಿಡಿಸುತ್ತಿರುತ್ತಾಳೆ. ಒಬ್ಬಳು ತೂಕಡಿಸುತ್ತಾ ಪಕ್ಕದವಳ ಹೆಗಲ ಮೇಲೆ ಬೀಳುತ್ತಾಳೆ. ತಾಳ ಹಿಡಿದು ಭಜನೆ ಮಾಡುವ ಗುಂಪು ಒಂದು ಕಡೆ. ಇನ್ನೊಂದು ಕಡೆ ಮೂವರ ಬೆಂಚಿನ ನಾಲ್ಕನೇ ಸೀಟಿಗಾಗಿ ಮಹಾಯುದ್ಧ. ಅದರ ನಡುವೆ ನಾನು ಮಡಿಲಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದೆ. ಠಾಣೆ ಬಂದಮೇಲೆ ಮೊಣಕೈ ಅಲ್ಲಾಡಿಸಲು ಜಾಗ ಇರುತ್ತಿರಲಿಲ್ಲ, ಪುಸ್ತಕ ಎದೆಗೆ ಅಂಟಿಕೊಳ್ಳುತ್ತಿತ್ತು. ಆದ್ದರಿಂದ ನನಗೆ ಸಿಗುತ್ತಿದ್ದದ್ದು ಕಲ್ಯಾಣದಿಂದ ಠಾಣೆ, ಇಪ್ಪತ್ತು-ಇಪ್ಪತ್ತೆರಡು ನಿಮಿಷ. ಅದೇ ನನ್ನ ಒದ್ದೆ ಪಂಚೆ.

ಪೆನ್ನು ರೈಲಿನ ಕುಲುಕಾಟಕ್ಕೆ ಗೀಚುತ್ತಿತ್ತು, ಬೇಸಿಗೆಯಲ್ಲಿ ಸೀರೆಗೆ ಕಾರುತ್ತಿತ್ತು. ಹಾಗಾಗಿ ಪೆನ್ಸಿಲ್. ಇದನ್ನು ನೆನಪಿಟ್ಟುಕೊಳ್ಳಿ, ಪೆನ್ಸಿಲ್ ಮುಂದೆ ಕೆಲಸಕ್ಕೆ ಬರುತ್ತದೆ. ಠಾಣೆಗಿಂತ ಮುಂಚೆ ಪಾರ್ಸಿಕ್ ಸುರಂಗ. 1916ರದ್ದು, ಒಂದು ಕಿಲೋಮೀಟರಿಗಿಂತ ಉದ್ದ. ಅದರೊಳಗೆ ಹೊಕ್ಕರೆ ಸದ್ದಿಗೆ ಕಿವಿ ಮುಚ್ಚಿಹೋಗುತ್ತಿತ್ತು. ಮಾತು, ಭಜನೆ, ಜಗಳ ಎಲ್ಲ ನಿಂತುಬಿಡುತ್ತಿತ್ತು. ಮತ್ತೆ ಬೆಳಕಿಗೆ ಬಂದ ತಕ್ಷಣ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಜಗಳ ಶುರು.

ಮೊದಲ ಎರಡು ವರ್ಷ ನಾನು ಏನು ಬರೆದೆ ಗೊತ್ತಾ? ಕಡಲು. ಬೆಳದಿಂಗಳು. ವಿರಹ. ಗಂಡ ಮನೆಯಲ್ಲೇ ಇದ್ದರು, ವಿರಹ ಎಲ್ಲಿಂದ ಬಂತೋ! ಕಿಟಕಿ ಪಕ್ಕ ಒಬ್ಬ ಮರಾಠಿ ಹೆಂಗಸು ಕೂರುತ್ತಿದ್ದರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ಒಂದಿನ "ಕಾಯ್ ಲಿಹಿತೇಸ ಗಂ?" ಅಂದರು. ಏನು ಬರೀತಿದ್ದೀಯೇ ಅಂತ. ಸಮುದ್ರದ ಮೇಲೆ ಕವಿತೆ ಅಂದೆ. ಮಾವಶಿ ಕಿಟಕಿಯಿಂದ ಹೊರಗೆ ನೋಡಿದರು, ನನ್ನನ್ನು ನೋಡಿದರು. "ಎಲ್ಲಿದೆ ಸಮುದ್ರ? ಇದು ಖಾಡಿ" ಅಂದರು.

ಸರಿಯಾಗಿ ಹೇಳಿದರು ನೋಡಿ. ಖಾಡಿ ಅಂದರೆ ಹಿನ್ನೀರು, ಕೆಸರು, ಇಳಿತದ ಹೊತ್ತಿನ ಕೊಳೆತ ವಾಸನೆ, ಮರಳು ತೆಗೆಯುವ ದೋಣಿಗಳು. ದಿನಾ ಎರಡು ಸಲ ಅದರ ಪಕ್ಕದಲ್ಲೇ ಹೋಗುತ್ತಿದ್ದೆ. ಒಂದು ದಿನವೂ ನೋಡಿರಲಿಲ್ಲ. ಆವತ್ತಿನಿಂದ ಕಡಲು ಬಿಟ್ಟೆ. ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು ಅಷ್ಟನ್ನೇ ಬರೆಯಲು ಶುರು ಮಾಡಿದೆ. ಅದು ಬಹಳ ಕಷ್ಟ. ಕವಿತೆ ಸುಲಭ.

ಈಗ ಅತ್ತೆಯ ವಿಷಯ. ನಮ್ಮ ಅತ್ತೆ ರಾಮಕೋಟಿ ಬರೆಯುತ್ತಿದ್ದರು. ಇಲ್ಲಿ ಎಷ್ಟು ಜನರ ಮನೆಯಲ್ಲಿ ಬರೆಯುತ್ತಾರೆ? ಕೈ ಎತ್ತಿ. ಹಾಂ, ಪರವಾಗಿಲ್ಲ, ಇನ್ನೂ ಇದ್ದೀರಿ. ಒಂದು ಕೋಟಿ ಸಲ ರಾಮನ ಹೆಸರು ಬರೆಯುವುದು. ನಾನು ಲೆಕ್ಕದವಳಲ್ವಾ, ಒಂದಿನ ಕ್ಯಾಲ್ಕುಲೇಟರ್ ಹಿಡಿದು ಕೂತೆ. ದಿನಕ್ಕೆ ಒಂದು ಸಾವಿರ ಬರೆದರೆ 10,000 ದಿನ. ಅಂದರೆ 27 ವರ್ಷ ದಾಟುತ್ತದೆ. "ಅತ್ತಿ, ನೀವು ಶುರು ಮಾಡಿದ್ದು ಅರವತ್ತಕ್ಕ, ದಿನಾ ಮುನ್ನೂರು ಬರೀತೀರಿ, ಇದು ಮುಗಿಯೂದಿಲ್ಲ" ಅಂದೆ. ಅವರು ತಲೆಯನ್ನೂ ಎತ್ತಲಿಲ್ಲ. "ಮುಗಸ್ಲಿಕ್ಕೆ ಯಾರು ಬರೀತಾರ?" ಅಂದರು.

ನನಗೆ ಆಗ ಸಿಟ್ಟು ಬರುತ್ತಿತ್ತು. ಒಂದು ಕಣ್ಣು ಹಾಲಿನ ಮೇಲೆ, ಕಿವಿ ಟೀವಿ ಧಾರಾವಾಹಿಯ ಮೇಲೆ, ಕೈ ಮಾತ್ರ ರಾಮ ರಾಮ. ಇದೆಂಥ ಭಕ್ತಿ ಎಂದು ಒಳಗೊಳಗೇ ನಗುತ್ತಿದ್ದೆ. ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಅವರು ಅಕ್ಷರವನ್ನು ಕೆಡಿಸುತ್ತಿರಲಿಲ್ಲ. ಐದನೇ ಪುಸ್ತಕದ ಕೊನೇ ಪುಟದ ರಾಮನೂ ಮೊದಲ ಪುಟದ ರಾಮನಷ್ಟೇ ದುಂಡಗೆ. ಸಂಧಿವಾತದ ಕೈ ಅದು. ಹಾಲು ಉಕ್ಕಿದರೆ ಎದ್ದು ಹೋಗಿ ಇಳಿಸಿ ಬಂದು, ಅರ್ಧಕ್ಕೆ ನಿಂತ ರಾ ಪಕ್ಕದಲ್ಲಿ ಮ ಬರೆಯುತ್ತಿದ್ದರು. ಇನ್ನೂ ಒಂದು ವಿಶೇಷ ಇದೆ. ತುಂಬಿದ ಪುಸ್ತಕವನ್ನು ಯಾರೂ ಓದುವುದಿಲ್ಲ. ಬರೆದವರೂ ತಿರುಗಿ ಓದುವುದಿಲ್ಲ. ಕಟ್ಟಿ ಗುಡಿಗೆ ಕೊಡುತ್ತಾರೆ. ನಿಮ್ಮ ಓದುಗರು ಯಾರು ಎಂದು ಯಾವ ಸಂದರ್ಶಕನೂ ಅವರನ್ನು ಕೇಳಲಾರ.

ಈಗ ಬರವಣಿಗೆಯಿಂದ ಮನಶ್ಶಾಂತಿ ಅಂತ ಶಿಬಿರಗಳು ನಡೆಯುತ್ತವೆ. ಲೋಣಾವಳಾ, ಗೋವಾ ಕಡೆ ಕರೆದುಕೊಂಡು ಹೋಗಿ, ಮೇಣದ ಬತ್ತಿ ಹಚ್ಚಿ, ನಿಮ್ಮ ನೋವನ್ನು ಕಾಗದದ ಮೇಲೆ ಇಳಿಸಿ ಅನ್ನುತ್ತಾರೆ. ಹೋಗುವವರು ಹೋಗಲಿ, ಗಾಳಿ ಬದಲಾವಣೆಯೂ ಒಳ್ಳೆಯದೇ. ಆದರೆ ಅಲ್ಲಿಗೆ ಹೋಗಿ ಬಂದ ನನ್ನ ಗೆಳತಿಯೊಬ್ಬಳ ಹಾಳೆ ನೋಡಿದೆ. ಒಂದು ಪುಟದಲ್ಲಿ ನಲವತ್ತು ಸಲ 'ನಾನು' ಇತ್ತು. ಅತ್ತೆಯ ಪುಟದಲ್ಲಿ ಒಂದೂ ಇರಲಿಲ್ಲ. ಇಷ್ಟೇ ಹೇಳಿ ಮುಂದೆ ಹೋಗುತ್ತೇನೆ, ಆ ಗೆಳತಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ.

ನಿಮ್ಮಲ್ಲಿ ಅರ್ಧ ಜನ ಕರಾವಳಿಯವರು. ತಾಳಮದ್ದಳೆಯ ಬಗ್ಗೆ ಘಟ್ಟದ ಮೇಲಿನವಳು ನಿಮಗೆ ಹೇಳುವುದು ಅಧಿಕಪ್ರಸಂಗ, ಆದರೂ ಹೇಳುತ್ತೇನೆ. ಮುಂಬೈಗೆ ಬಂದಮೇಲೆಯೇ ನಾನು ತಾಳಮದ್ದಳೆ ಮೊದಲು ಕೇಳಿದ್ದು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ ಜುಬ್ಬದಲ್ಲಿ ಕೂತು ಮಾತಾಡುತ್ತಾರೆ. ಬರೆದಿಟ್ಟ ಮಾತಲ್ಲ, ಅಲ್ಲೇ ಹುಟ್ಟುವ ಮಾತು. ಒಬ್ಬರು ಕರ್ಣ ಆಗಿದ್ದರು. ಅರ್ಜುನನನ್ನು ಹೇಗೆ ಬಗ್ಗುಬಡಿದರು ಎಂದರೆ, ನಾನು ಅಲ್ಲಿಯವರೆಗೆ ಅರ್ಜುನನ ಪಕ್ಷದವಳು, ಕಣ್ಣೊರೆಸಿಕೊಂಡು ಕರ್ಣನ ಕಡೆ ಆದೆ. ಮುಂದಿನ ತಿಂಗಳು ಅವರೇ ಅರ್ಜುನ. ಅಷ್ಟೇ ನಿಷ್ಠೆಯಿಂದ ಕರ್ಣನನ್ನು ತರಾಟೆಗೆ ತೆಗೆದುಕೊಂಡರು! ಮುಗಿದ ಮೇಲೆ ಚಹಾ ಕುಡಿಯುವಾಗ ಹೋಗಿ ಕೇಳಿದೆ, ನಿಮ್ಮ ಸ್ವಂತ ಅಭಿಪ್ರಾಯ ಏನು ಸರ್ ಅಂತ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಅದು ಯಾರಿಗೆ ಬೇಕು ಮಾರಾಯ್ರೆ?" ಅಂದರು.

ಕಥೆ ಹೇಳುವವರ ಸಾಧನೆ ಎಂದರೆ ಇದು ಅಂತ ನನಗನ್ನಿಸುತ್ತದೆ. ಇನ್ನೊಬ್ಬರ ಜೀವದೊಳಗೆ ಪೂರ್ತಿ ಕೂರುವುದು, ಆಮೇಲೆ ಎದ್ದು ಬರುವುದು. ಗುಹೆಗೆ ಹೋಗಬೇಕಾಗಿಲ್ಲ. ಆದರೆ ಕೂರಬೇಕಾದರೆ ನಮ್ಮದನ್ನು ಹೊರಗೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಹೋಗಬೇಕು. ನಾನು ಬಿಟ್ಟಿರಲಿಲ್ಲ. ಅದನ್ನೇ ಈಗ ಹೇಳಬೇಕು, ಸ್ವಲ್ಪ ನಾಚಿಕೆಯ ವಿಷಯ.

ಮಾವಶಿಯ ಗಂಡ ಗಿರಣಿ ಕಾಮಗಾರ. ಪರೇಲಿನ ಒಂದು ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಯಿತಲ್ಲ, ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ನಿಂತರು, ಎಷ್ಟೋ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಅವರಲ್ಲಿ ಇವರೂ ಒಬ್ಬರು. ಮಾವಶಿ ಕೆಲಸ ಹಿಡಿದರು, ಕಲ್ಯಾಣದ ಕಡೆ ಬಾಡಿಗೆ ಕಡಿಮೆ ಅಂತ ಬಂದರು. ಇದನ್ನೆಲ್ಲ ನನಗೆ ಒಂದೇ ಸಲ ಹೇಳಲಿಲ್ಲ. ದಿನಾ ಠಾಣೆ ತನಕ ಒಂದು ಕಂತು, ವಾರಪತ್ರಿಕೆಯ ಧಾರಾವಾಹಿ ಹಾಗೆ. ನಾನು ಬರೆದುಕೊಳ್ಳುತ್ತಿದ್ದೆ. ಬರೆದುಕೊಳ್ಳುತ್ತಿದ್ದೇನೆ ಅಂತ ಅವರಿಗೂ ಗೊತ್ತಿತ್ತು.

ಅವರ ಗಂಡನಿಗೆ ಒಂದು ಚಟ ಉಳಿದುಬಿಟ್ಟಿತ್ತು. ಯಾರು ಎದುರಿಗೆ ಬಂದರೂ ಅವರ ಅಂಗಿಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜುವುದು. ಉಜ್ಜಿ, ಇದು ನಲವತ್ತರ ನೂಲು, ಇದು ಅರವತ್ತರದು ಅನ್ನುವುದು. ನೂಲಿನ ನಯದ ಲೆಕ್ಕ ಅದು, ಅಂಕಿ ಹೆಚ್ಚಿದಷ್ಟೂ ನಯ. ಮನೆಗೆ ಬಂದ ನೆಂಟರು, ಕಿರಾಣಿ ಅಂಗಡಿಯವನು, ಮಗಳನ್ನು ನೋಡಲು ಬಂದ ಗಂಡು, ಯಾರನ್ನೂ ಬಿಡುತ್ತಿರಲಿಲ್ಲ. ಒಂದಿನ ತುಂಬಿದ ಲೋಕಲಿನಲ್ಲಿ ಮುಂದೆ ನಿಂತವನ ಅಂಗಿ ಮುಟ್ಟಿದ್ದಾರೆ. ಜೇಬುಗಳ್ಳ ಅಂತ ಅವನು ಕಪಾಳಕ್ಕೆ ಬಾರಿಸಿದ. ಸುತ್ತಲಿನವರೂ ಎರಡು ಕೊಟ್ಟರು.

ಇದು ಎಂಥ ಕಥೆ ಹೇಳಿ! ನಾನು ಎಂಟು ವರ್ಷ ಸುಮ್ನೆ ಇಟ್ಟುಕೊಂಡಿದ್ದೆ. ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು ಒಂದು ಜನಪದ ಕಥೆಯೂ ಸಿಕ್ಕಿತು. ನಿಮಗೆ ಗೊತ್ತಿರುತ್ತದೆ, ಎ.ಕೆ. ರಾಮಾನುಜನ್ ಅವರೂ ಸಂಗ್ರಹಿಸಿದ್ದಾರೆ. ಒಬ್ಬಳಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೆ ಉಸಿರು ಕಟ್ಟಿದ ಕಥೆ ಹಾಡು ಎರಡೂ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಿದ್ದು, ಒಂದು ಜೋಡು ಆಯಿತು, ಒಂದು ಕೋಟು ಆಯಿತು. ಗಂಡ ಬಂದು ನೋಡುತ್ತಾನೆ, ಬಾಗಿಲಲ್ಲಿ ಗಂಡಸಿನ ಜೋಡು! ಯಾರು ಬಂದಿದ್ದರು ಅಂತ ಜಗಳ. ಸಿಟ್ಟಿನಿಂದ ಕಂಬಳಿ ಎತ್ತಿಕೊಂಡು ಹನುಮಪ್ಪನ ಗುಡಿಗೆ ಮಲಗಲು ಹೋದ. ಅಲ್ಲಿ ಊರಿನ ಆರಿಸಿದ ದೀಪಗಳೆಲ್ಲ ರಾತ್ರಿ ಸೇರಿ ಹರಟೆ ಹೊಡೆಯುತ್ತಿದ್ದವು. ಇವನ ಮನೆಯ ದೀಪ ತಡವಾಗಿ ಬಂದು ನಡೆದದ್ದು ಹೇಳಿತು. ಬೆಳಗ್ಗೆ ಓಡಿ ಹೋಗಿ ಹೆಂಡತಿಯನ್ನು ಕೇಳಿದರೆ, ಯಾವ ಕಥೆ, ಯಾವ ಹಾಡು ಅಂತ ಅವಳಿಗೆ ಮರೆತೇ ಹೋಗಿದೆ.

ಹೇಳದ ಕಥೆ ಸೇಡು ತೀರಿಸಿಕೊಳ್ಳುತ್ತದೆ. ಆದ್ದರಿಂದ ಮಾವಶಿಯ ಕಥೆ ಹೇಳುವುದು ನನ್ನ ಧರ್ಮ ಅಂತ ಗಟ್ಟಿ ಮಾಡಿಕೊಂಡೆ. ಬರೆದೆ. ಒಳ್ಳೆಯ ಶಾಯಿಯಲ್ಲಿ, ಒಳ್ಳೆಯ ಹಾಳೆಯಲ್ಲಿ ಫೇರ್ ಮಾಡಿದೆ. ಕೊನೆಯಲ್ಲಿ ಆ ಮನುಷ್ಯ ಏಟು ತಿಂದು ಮುಚ್ಚಿದ ಗಿರಣಿಯ ಗೇಟಿನ ಮುಂದೆ ಹೋಗಿ ಕೂತು, ಬೆರಳುಗಳನ್ನು ನೋಡಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾನೆ. 2004ರ ದೀಪಾವಳಿ ವಿಶೇಷಾಂಕವೊಂದರಲ್ಲಿ ಬಂತು. ಫೋನಿನ ಮೇಲೆ ಫೋನು. ಓದಿ ಅತ್ತೆವು ಅಂದರು. ನನಗೂ ಕೊಂಬು ಬಂತು.

ನಮ್ಮ ಡಬ್ಬದಲ್ಲಿ ಕನ್ನಡ ಬಲ್ಲ ಇನ್ನೊಬ್ಬಳಿದ್ದಳು, ಸೊಲ್ಲಾಪುರದವಳು. ಅವಳು ಓದಿ, ಖುಷಿಯಿಂದಲೇ, ಮಾವಶಿಗೆ ಪೂರ್ತಿ ಕಥೆ ಮರಾಠಿಯಲ್ಲಿ ಹೇಳಿಬಿಟ್ಟಳು. ಮರುದಿನ ನಾನು ಹತ್ತಿದೆ. ಮಾವಶಿ ಪಕ್ಕದ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಹದಿನಾರು ವರ್ಷ ಅವರು ನನಗಾಗಿ ಕರವಸ್ತ್ರ ಹಾಕಿ ಇಟ್ಟುಕೊಳ್ಳುತ್ತಿದ್ದ ಸೀಟು. ನಾನು ಹತ್ತಿರ ಹೋದೆ. "ತೋ ರಡಲಾ ನಾಹೀ" ಅಂದರು. ಅವನು ಅಳಲಿಲ್ಲ. ಅಷ್ಟೇ. ಮುಖ ಕಿಟಕಿಗೆ ತಿರುಗಿಸಿದರು.

ಕಥೆ ಕದ್ದೆ ಅಂತ ಅವರು ಬೈಯಲಿಲ್ಲ, ನೋಡಿ. ಅದಕ್ಕೆ ನಾನು ತಯಾರಾಗಿದ್ದೆ, ಉತ್ತರವೂ ಇತ್ತು, ಹೆಸರು ಹಾಕಿಲ್ಲ, ಊರು ಬದಲಿಸಿದ್ದೇನೆ, ಇತ್ಯಾದಿ. ಇದಕ್ಕೆ ಉತ್ತರ ಇರಲಿಲ್ಲ. ಎಂಟು ತಿಂಗಳು ನಿಂತು ಪ್ರಯಾಣ ಮಾಡಿದೆ. ಒಂದಕ್ಷರ ಬರೆಯಲಿಲ್ಲ.

ಆಮೇಲೆ ಬಂತು 2005ರ ಜುಲೈ 26. ಅವತ್ತಿನ ಕಥೆ ನಿಮ್ಮ ಒಬ್ಬೊಬ್ಬರ ಹತ್ತಿರವೂ ಒಂದೊಂದು ಇದೆ, ಶುರು ಮಾಡಿದರೆ ರಾತ್ರಿ ಆಗುತ್ತದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಕೊಲಾಬಾದಲ್ಲಿ ಬರೀ 73. ನಾನು ಫೋರ್ಟಿನಲ್ಲಿದ್ದೆ, ಅಲ್ಲಿ ಮಾಮೂಲಿ ಮಳೆ ಅಂದುಕೊಂಡೇ ಕೂತಿದ್ದೆವು. ಸಂಜೆ ಸ್ಟೇಷನ್ನಿಗೆ ಹೋದಮೇಲೆ ಗೊತ್ತಾದದ್ದು. ಎರಡು ರಾತ್ರಿ ಆಫೀಸಿನ ಮೇಜಿನ ಮೇಲೆ ಮಲಗಿದೆ. ಕಲ್ಯಾಣದಲ್ಲಿ ಉಲ್ಹಾಸ್ ನದಿ ಉಕ್ಕಿ ನಮ್ಮ ತಳಮನೆಗೆ ಸೊಂಟದ ಮಟ್ಟ ನೀರು.

ಮನೆಗೆ ಹೋದರೆ ಕೆಸರು. ಮಂಚದ ಕೆಳಗಿನ ಟ್ರಂಕಿನಲ್ಲಿ ನನ್ನ ಹದಿನೇಳು ವರ್ಷದ ಬರವಣಿಗೆ ಇತ್ತು. ಅತ್ತೆಯ ರಾಮಕೋಟಿ ಮಾತ್ರ ಮೇಲೆ ದೇವರ ಅಟ್ಟದಲ್ಲಿ ಒಣಗಿ ಬೆಚ್ಚಗಿತ್ತು. ಟ್ರಂಕು ತೆಗೆದೆ. ಶಾಯಿಯಲ್ಲಿ ಫೇರ್ ಮಾಡಿದ ದೊಡ್ಡ ಪುಸ್ತಕಗಳೆಲ್ಲ ನೀಲಿ ಮುದ್ದೆ. ಒಂದು ಪುಟವೂ ಓದಲು ಬರುವಂತಿರಲಿಲ್ಲ. ಅತ್ತೆ ಬಂದು ನೋಡಿದರು. "ಹೊಳಿ ಓದಿಕೊಂಡು ಹೋತು, ಬಿಡವಾ" ಅಂದರು.

ಅಳಬೇಕು ಅಂದುಕೊಳ್ಳುವಷ್ಟರಲ್ಲಿ ತಳದಲ್ಲಿ ರೈಲಿನ ಚಿಕ್ಕ ನೋಟ್‌ಬುಕ್ಕುಗಳು ಸಿಕ್ಕಿದವು. ಹಾಳೆ ಅಂಟಿಕೊಂಡಿತ್ತು, ಅಂಚು ಹರಿದಿತ್ತು. ಆದರೆ ಅಕ್ಷರ ಇತ್ತು. ಪೆನ್ಸಿಲ್ಲಿನ ಸೀಸ ನೀರಿಗೆ ಕರಗುವುದಿಲ್ಲ. ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಹಾಳೆ ಹಾಳೆಯಾಗಿ ಒಣಹಾಕಿದೆ. ಅಡಿಗೆಮನೆ ತುಂಬಾ ನೇತಾಡುವ ಪುಟಗಳು. ಇಷ್ಟು ವರ್ಷ ಫೇರ್ ಆದಮೇಲೆ ರಫ್ ಯಾರು ನೋಡುತ್ತಾರೆ ಅಂತ ತಿರುಗಿಯೂ ನೋಡದ ಪುಟಗಳು.

ದೇಹೂಗೆ ನೀವು ಹೋಗಿರುತ್ತೀರಿ, ಪುಣೆಯಿಂದ ಹತ್ತಿರ. ತುಕಾರಾಮರ ಗಾಥೆಯನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದರು, ಅವರು ದಡದಲ್ಲಿ 13 ದಿನ ಅನ್ನ ನೀರು ಬಿಟ್ಟು ಕೂತರು, ಪುಟಗಳು ನೆನೆಯದೆ ತೇಲಿ ಬಂದವು ಅಂತ ಕಥೆ. ಜನರ ಬಾಯಲ್ಲಿ ಇದ್ದದ್ದಕ್ಕೇ ಉಳಿಯಿತು, ಅದೇ ತೇಲಿದ್ದು ಅಂತಲೂ ಹೇಳುವವರಿದ್ದಾರೆ. ನಾನು ಆ ದಡದಲ್ಲಿ ಕೂತು ಬಂದಿದ್ದೇನೆ, ಪ್ರವಾಹಕ್ಕಿಂತ ಮುಂಚೆ, ಸಹೋದ್ಯೋಗಿಗಳ ಜೊತೆ, ಮೀನಿಗೆ ಚುರುಮುರಿ ಹಾಕುತ್ತಾ. ನನಗೇನೂ ಅನ್ನಿಸಿರಲಿಲ್ಲ. ಅಡಿಗೆಮನೆಯಲ್ಲಿ ಅನ್ನಿಸಿತು. ನಾನು ತುಕಾರಾಮ ಅಲ್ಲ, ನನ್ನವು ತೇಲಲಿಲ್ಲ. ನಾನು ಸೇರಿಸಿದ್ದು ತೊಳೆದುಹೋಗಿತ್ತು, ಅವರಿವರು ಹೇಳಿದ್ದು ಉಳಿದಿತ್ತು.

ಆ ಹಗ್ಗದ ಮೇಲೆ 1996ರ ಒಂದು ಪುಟ ಇತ್ತು. ಮಾವಶಿ ಆ ಕಪಾಳಮೋಕ್ಷದ ಕಥೆ ಹೇಳಿದ ದಿನದ್ದು. ಓದಿದೆ. ಮಾವಶಿ ನನಗೆ ಎಲ್ಲವನ್ನೂ ಹೇಳಿದ್ದರು. ನಾನು ಬರೆದುಕೊಂಡೂ ಇದ್ದೆ. ಫೇರ್ ಮಾಡುವಾಗ, ಇದು ಕಥೆಯ ಗಾಂಭೀರ್ಯಕ್ಕೆ ಹೊಂದುವುದಿಲ್ಲ ಅಂತ ನಾಲ್ಕು ಸಾಲು ಬಿಟ್ಟಿದ್ದೆ. ಬಿಟ್ಟದ್ದು ಮರೆತೇ ಹೋಗಿತ್ತು, ಆ ಜೋಡು ಕೋಟಿನ ಹೆಂಗಸಿನ ಹಾಗೆ.

ರೈಲು ಮತ್ತೆ ಶುರುವಾದಮೇಲೆ ಆ ಪುಟ ತೆಗೆದುಕೊಂಡು ಹೋದೆ. ಮಾವಶಿ ಗೋರಿಕಾಯಿಯ ನಾರು ತೆಗೆಯುತ್ತಿದ್ದರು. ಡೊಂಬಿವಲಿಯಲ್ಲಿ ಎದುರಿಗೆ ನಿಂತುಕೊಂಡೇ ಓದಿದೆ, ನನ್ನ ಮುರುಕು ಮರಾಠಿಯಲ್ಲಿ, ಒಂದೊಂದೇ ಸಾಲು. ಅವರು ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ಮುಗಿಯಿತು. "ನಾಲ್ಕನೇ ಗಾಡಿ ಅಲ್ಲ, ಐದನೇದು. ಅವತ್ತು ಲೇಟಾಗಿತ್ತು" ಅಂದರು. ಪಕ್ಕದವಳಿಗೆ ಸರಿದುಕೋ ಅಂದರು. ನಾನು ಕೂತ ಮೇಲೆ ಗೋರಿಕಾಯಿಯ ಚೀಲ ಎತ್ತಿ ನನ್ನ ಮಡಿಲಿಗೆ ಇಟ್ಟರು. ಬರೆಯುವುದು ಎಲ್ಲಿ, ಠಾಣೆ ತನಕ ನಾರು ತೆಗೆದೆ.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಆ ಪುಟ ತಂದಿದ್ದೇನೆ, ಓದಿ ಕೂರುತ್ತೇನೆ. ಅಂಚಿನಲ್ಲಿ ಸ್ವಲ್ಪ ಕಲೆ ಇದೆ, ಒಂದೆರಡು ಪದ ತಡೆದರೆ ಕ್ಷಮಿಸಿ.

"ಗುರುವಾರ. ಡೊಂಬಿವಲಿ ದಾಟಿತು. ಮಾವಶಿ ಇವತ್ತು ಹಸಿರು ಬಳೆ. ಅವರು ಹೊಡೆತ ತಿಂದು ನಾಲ್ಕನೇ ಗಾಡಿಗೆ ಬಂದರಂತೆ. ತುಟಿ ಒಡೆದಿತ್ತು. ಇವರು ಅರಿಶಿನ ಹಚ್ಚಲು ಹೋದರೆ ಒಂದೇ ಸಮ ನಗು. ತುಟಿ ಉರಿಯುತ್ತದೆ, ಆದರೂ ನಗು. ಯಾಕೆ ನಗುತ್ತೀರಿ ಅಂದರೆ, ನಾನು ಅರವತ್ತರ ಪಾಪ್ಲಿನ್ ಅಂದುಕೊಂಡು ಮುಟ್ಟಿದೆ, ಹೊಡೆದವನ ಅಂಗಿ ಪಾಲಿಯೆಸ್ಟರ್ ಬೆರೆತ ಟೆರಿಕಾಟ್, ಇಷ್ಟು ಏಟು ತಿಂದದ್ದು ಟೆರಿಕಾಟಿಗಾಗಿ ಅಂದರಂತೆ. ಇಬ್ಬರೂ ನಕ್ಕರಂತೆ, ಪಕ್ಕದ ಖೋಲಿಯವರು ಗೋಡೆ ಬಡಿಯುವ ತನಕ. ಆಮೇಲೆ ಮಾವಶಿ ಇನ್ನೂ ಏನೋ ಹೇಳಿದರು. ಸುರಂಗ ಬಂತು, ಕೇಳಿಸಲಿಲ್ಲ."